ಆಪಾ ಅವರ ಜೂಮ್ ಲೆನ್ಸ್

ಬಿಸ್ಕತ್ತಿನ ತಗಡಿನ ಡಬ್ಬಿಯ ಮುಚ್ಚಳ ತೆಗೆದೊಡನೆ ಮೊದಲು ಬಂದದ್ದು ಹಳೆಯ ಗ್ರೀಸಿನ ವಾಸನೆ. ಅದರ ಹಿಂದೆ, ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿ, ಅತ್ತರಿನ ವಾಸನೆ... ಮಲ್ಮಲ್ ಬಟ್ಟೆಯ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದೆ. ಒಳಗೆ ಕಪ್ಪು ಲೋಹದ ಜೂಮ್ ಲೆನ್ಸ್, ಕೈಗೆ ಭಾರವಾಗಿ, ತಣ್ಣಗೆ ಇತ್ತು. ಸುತ್ತಲೂ ಸಿಲಿಕಾ ಜೆಲ್ಲಿನ ನೀಲಿ ಹರಳುಗಳು. ಈ ಹರಳು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಹೀರಿ ಹೀರಿ ಹೊಟ್ಟೆ ತುಂಬಿದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆಗ ಅದನ್ನು ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿದು ಮತ್ತೆ ನೀಲಿಗೆ ತರಬೇಕು. ಹತ್ತೊಂಬತ್ತು ವರ್ಷಗಳಿಂದ ಪ್ರತಿ ಮಳೆಗಾಲದಲ್ಲಿ ಎರಡು ಬಾರಿ ಈ ಕೆಲಸವನ್ನು ತಪ್ಪದೆ ಮಾಡಿದ್ದೇನೆ. ಒಮ್ಮೆಯೂ ಮರೆತಿಲ್ಲ. ನಾನು ಮರೆಯುವ ಜಾತಿಯವನಲ್ಲ.

ಡಬ್ಬಿ ತೆಗೆಸಿದವಳು ನನ್ನ ಅಣ್ಣನ ಮಗಳು. ಹಾವೇರಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ; ಹಕ್ಕಿಗಳ ಚಿತ್ರ ತೆಗೆಯುವ ಹುಚ್ಚು. ಹೊಸದಾಗಿ ಕೊಂಡ ಡಿಜಿಟಲ್ ಕ್ಯಾಮೆರಾವನ್ನು ಹೆಗಲಿಗೆ ಹಾಕಿಕೊಂಡು, ಕೈಯಲ್ಲಿ ಒಂದು ಸಣ್ಣ ಲೋಹದ ಬಳೆಯಂಥದನ್ನು ಹಿಡಿದುಕೊಂಡು ರಾಣೆಬೆನ್ನೂರಿನ ನಮ್ಮ ಮನೆಗೆ ಬಂದಿದ್ದಳು.

"ಕಾಕಾ, ನಿಮ್ಮ ಆಪಾ ಅವರ ಲೆನ್ಸು ಈ ರಿಂಗ್ ಹಾಕಿದ್ರ ನನ್ನ ಕ್ಯಾಮೆರಾಕ್ಕ ಕುಂದರತೈತಿ. ತೆಗೀರಿ ಹೊರಗ. ಎಷ್ಟ ವರ್ಷ ಅಂತ ಮುಚ್ಚಿಟಗೊಂಡ ಕುಂದರ್ತೀರಿ?"

ಲೆನ್ಸು ಕುಳಿತಿತು. ಆದರೆ ಕ್ಯಾಮೆರಾ ಅದನ್ನು ಒಪ್ಪಿಕೊಳ್ಳಲಿಲ್ಲ. 'ಲೆನ್ಸ್ ಜೋಡಿಸಿಲ್ಲ' ಎಂದು ಪರದೆಯ ಮೇಲೆ ಬರೆದು ತೋರಿಸಿತು. ಮುಕ್ಕಾಲು ಕಿಲೋ ತೂಕದ, ಗಾಜೂ ಹಿತ್ತಾಳೆಯೂ ಸೇರಿದ ವಸ್ತು ಕಣ್ಣೆದುರಿಗೇ ಇದೆ; ಇಲ್ಲವೆನ್ನುತ್ತದೆ! ಆಪಾ ಅವರಿಗೆ ಆದ ಅವಮಾನಗಳ ಪಟ್ಟಿಗೆ ಇದನ್ನೂ ಸೇರಿಸಿದೆ.

"ಅದಕ್ಕ್ಯಾಕ ಸಿಟ್ಟಾಗ್ತೀರಿ ಕಾಕಾ? ಸೆಟ್ಟಿಂಗಿನ್ಯಾಗ ಒಂದ ಮಾತ ಹೇಳಿದ್ರ ಮುಗೀತು" ಎಂದು ನಕ್ಕು ಅವಳು ಯಾವುದೋ ಗುಂಡಿ ಒತ್ತಿದಳು. ಪರದೆಯಲ್ಲಿ ಬೆಳಕು ಬಂತು.

ಮಾಳಿಗೆಗೆ ಹೋದೆವು. ಈ ಲೆನ್ಸಿನಲ್ಲಿ ಒಂದೇ ಬಳೆ. ತಿರುಗಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ, ಮುಂದಕ್ಕೆ ನೂಕಿದರೆ ಅಥವಾ ಹಿಂದಕ್ಕೆ ಎಳೆದರೆ ದೂರದ್ದು ಹತ್ತಿರ ಬರುತ್ತದೆ. ಎರಡನ್ನೂ ಎಡಗೈ ಒಂದೇ ಮಾಡಬೇಕು. ಈಗಿನ ಕ್ಯಾಮೆರಾಗಳು ತಾವೇ ನೋಡಿ, ತಾವೇ ತೀರ್ಮಾನಿಸಿ, ಮನುಷ್ಯನಿಗೆ ಗುಂಡಿ ಒತ್ತುವ ಕೂಲಿಯನ್ನಷ್ಟೇ ಬಿಟ್ಟಿವೆ. ಇಲ್ಲಿ ಹಾಗಲ್ಲ. ಮೂರು ಮನೆ ಆಚೆ ನೀರಿನ ಟಾಕಿಯ ಮೇಲೆ ಕುಳಿತ ಪಾರಿವಾಳವನ್ನು ಗುರಿಯಿಟ್ಟು ನಿಧಾನವಾಗಿ ಬಳೆ ತಿರುಗಿಸಿದೆ. ಮಂಜು ಸರಿದಂತೆ ಸರಿದು, ಅದರ ಕತ್ತಿನ ಹಸಿರೂ ನೇರಳೆಯೂ ಒಂದೊಂದು ಗರಿಯಾಗಿ ಬೇರೆ ಬೇರೆ ಕಂಡವು. ಗುಂಡಿ ಒತ್ತಿದೆ. ಅಣ್ಣನ ಮಗಳು ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, ತನ್ನ ಹೊಸ ಲೆನ್ಸಿನ ಚೀಲದ ಜಿಪ್ಪು ಮುಚ್ಚಿದಳು. ಆ ಜಿಪ್ಪಿನ ಸದ್ದು ನನಗೆ ಬಹಳ ಹಿತವಾಗಿತ್ತು. ಚಿತ್ರದಲ್ಲಿ ಒಂದು ಕಲೆಯಿಲ್ಲ, ಗಾಜಿನಲ್ಲಿ ಬೂಷ್ಟಿನ ಒಂದು ಎಳೆಯಿಲ್ಲ. ಕಾಪಾಡಿದವನು ನಾನು, ಆದರೆ ಹೆಮ್ಮೆ ನನ್ನ ಬಗ್ಗೆ ಅಲ್ಲ.

ನಾನು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಬೀಜ ಪರೀಕ್ಷೆ ಮಾಡಿದವನು. ನಾಲ್ಕು ನೂರು ಬೀಜ ಎಣಿಸಿ, ನೂರರಂತೆ ನಾಲ್ಕು ಪಾಲು ಮಾಡಿ, ಒದ್ದೆ ಕಾಗದದಲ್ಲಿ ಸುತ್ತಿಟ್ಟು, ಮೊಳೆತದ್ದೆಷ್ಟು, ಸತ್ತದ್ದೆಷ್ಟು, ಬೇರೆ ತಳಿಯ ಬೆರಕೆ ಎಷ್ಟು ಎಂದು ಬರೆಯುವುದು ನನ್ನ ಕೆಲಸ. ನಮ್ಮ ಕಚೇರಿಯಿಂದ ಸ್ಟೇಶನ್ನಿನ ಕಡೆ ಹೋಗುವ ದಾರಿಯಲ್ಲಿ ಒಂದು ಫೋಟೊ ಸ್ಟುಡಿಯೋ ಇತ್ತು. ಯಜಮಾನರಿಗೆ ಕಣ್ಣು ಮಂಜಾಗಿ ಕತ್ತಲೆಕೋಣೆಯ ಕೆಲಸ ಸಾಗದಾದ ಮೇಲೆ ಅವರ ಹೆಂಡತಿಯೇ ಅದನ್ನು ನಡೆಸುತ್ತಿದ್ದರು. ಇಡೀ ಪೇಟೆ ಅವರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿತ್ತು, ಉರ್ದು ಬರುವವರೂ ಬಾರದವರೂ. ಅವರು ನನ್ನನ್ನು 'ಲ್ಯಾಬಿನ ಭಾಯಿ' ಎನ್ನುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಆ ಸ್ಟುಡಿಯೋ ಹೆಂಗಸರಿಗೆ ಮಾತ್ರ. ಬಾಗಿಲಿಗೆ ಹಸಿರು ಪರದೆ ಬೀಳುತ್ತಿತ್ತು. ಬುರ್ಖಾದ ಹೆಣ್ಣುಮಕ್ಕಳು, ಸೆರಗು ಹೊದ್ದ ಕುಪ್ಪೇಲೂರಿನ ಗೌಡರ ಸೊಸೆಯರು, ಒಂದೇ ಬಾಕಿನ ಮೇಲೆ ಸಾಲಾಗಿ ಕೂತು ತಮ್ಮ ಸರದಿಗೆ ಕಾಯುತ್ತಿದ್ದರಂತೆ. ಪರದೆಯಾಚೆಯಿಂದ ನಗೆ ಕೇಳುತ್ತಿತ್ತು. ಎದುರಿನ ಅಂಗಡಿಯ ಒಬ್ಬ ಮನುಷ್ಯ, ಅವನು ಈಗ ಬದುಕಿಲ್ಲ, ಆದರೂ ಮಾತು ಬದುಕಿದೆ, ಒಮ್ಮೆ ನನ್ನ ಕಿವಿಗೆ ಬೀಳುವಂತೆ "ಕ್ಯಾಮೆರಾ ಹಿಡಿಯೂದ ಹೆಂಗಸರ ಕೆಲಸ ಅಂದ್ರ, ನಾಳೆ ನಾವು ರೊಟ್ಟಿ ಬಡೀಬೇಕಾಕ್ಕೈತಿ" ಎಂದ. ಆಪಾ ಒಳಗಿನಿಂದಲೇ ಉತ್ತರಿಸಿದರು: "ಬಡೀರಿ ಅಣ್ಣಾರ, ಚಂದ ಬಂದ್ರ ಅದರ ಫೋಟೊನೂ ತಗೀತೇನಿ." ಬಾಕಿನ ಮೇಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಹಾವೇರಿಯ ಒಂದು ಮದುವೆಯಲ್ಲಿ ಅವರನ್ನು ಹೆಂಗಸರ ಚಿತ್ರಕ್ಕೆಂದು ಕರೆಸಿ, ಊಟಕ್ಕೆ ಬ್ಯಾಂಡಿನವರ ಪಂಕ್ತಿ ಮುಗಿದ ಮೇಲೆ ಕೂರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆ ಕೂರಿಸಿದಾತನ ಕೋಟಿನ ಬಣ್ಣ ಕೂಡ ಹೇಳಬಲ್ಲೆ. ಆಪಾ ಬಡಿಸಿದ್ದನ್ನು ಉಂಡು, ಎದ್ದು, ಮತ್ತೆ ಕೆಲಸಕ್ಕೆ ನಿಂತರು.

ಜೂಮ್ ಲೆನ್ಸನ್ನು ಅವರ ತಮ್ಮ ಕೊಲ್ಲಿ ದೇಶದಿಂದ ತಂದುಕೊಟ್ಟಿದ್ದ. ಪಾಸ್‌ಪೋರ್ಟ್ ಅಳತೆಯ ಚಿತ್ರ ತೆಗೆಯುವ ಸ್ಟುಡಿಯೋದಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ. ಗೋಡೆಯಿಂದ ಗೋಡೆಗೆ ಹನ್ನೆರಡು ಅಡಿ. ಆದ್ದರಿಂದ ಆಪಾ ರವಿವಾರ ಅದನ್ನು ಮೊಪೆಡ್ಡಿನಲ್ಲಿಟ್ಟುಕೊಂಡು ಹೊಲಗಳ ಕಡೆ ಹೋಗತೊಡಗಿದರು. ಮಳೆಗಾಲ ಬಂತೆಂದರೆ ನಮ್ಮ ಊರಿನ ತೇವಕ್ಕೆ ಗಾಜಿನೊಳಗೆ ಬೂಷ್ಟು ಹಿಡಿಯುತ್ತದೆ. ಬೀಜಕ್ಕೂ ಲೆನ್ಸಿಗೂ ಶತ್ರು ಒಂದೇ. ಒಂದು ಜೂನಿನಲ್ಲಿ ಅವರು ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತು ಕೇಳಿದರು: "ಭಾಯಿ, ನಿಮ್ಮ ಬೀಜ ಒಣಗಿಸಿಡೂ ಗಾಜಿನ ಪೆಟ್ಟಿಗಿಯೊಳಗ ಇದಕ್ಕೊಂದ ಜಾಗಾ ಸಿಕ್ಕೀತೇನ್ರಿ?" ಸಿಕ್ಕಿತು. ಅಂದಿನಿಂದ ಪ್ರತಿ ಮಳೆಗಾಲ ಆ ಲೆನ್ಸು ಹತ್ತಿ ಬೀಜದ ಮಾದರಿಗಳ ಪಕ್ಕದಲ್ಲಿ, ನೀಲಿ ಹರಳುಗಳ ಮೇಲೆ ಮಲಗುತ್ತಿತ್ತು. ದಸರೆ ಮುಗಿದ ಮೇಲೆ ಬಂದು ಒಯ್ಯುತ್ತಿದ್ದರು.

ಇನ್ನು ಕ್ಯಾಲೆಂಡರಿನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲೆಂದೇ ಇಷ್ಟು ಹೊತ್ತು ಪೀಠಿಕೆ ಹಾಕಿದ್ದು.

ನಮ್ಮ ಕಂಪನಿ ಪ್ರತಿ ವರ್ಷ ರೈತರಿಗೆ ಹಂಚಲು ಬಣ್ಣದ ಕ್ಯಾಲೆಂಡರ್ ಮಾಡಿಸುತ್ತಿತ್ತು. ಆ ವರ್ಷ ಹತ್ತಿಯ ಕ್ರಾಸಿಂಗ್ ಕೆಲಸದ ಚಿತ್ರ ಬೇಕೆಂದು ತೀರ್ಮಾನವಾಯಿತು. ಹೆಣ್ಣುಮಕ್ಕಳು ಮಧ್ಯಾಹ್ನದ ಹೊತ್ತಿನಲ್ಲಿ ಮೊಗ್ಗಿನ ಎಸಳು ಸುಲಿದು, ಮರುದಿನ ಬೆಳಗ್ಗೆ ಬೇರೆ ತಳಿಯ ಹೂವಿನ ಪರಾಗವನ್ನು ಅದಕ್ಕೆ ತಾಗಿಸುವ ಕೆಲಸ ಅದು. ಹೈಬ್ರಿಡ್ ಬೀಜವೆಂದರೆ ಆ ಬೆರಳುಗಳೇ. ಹುಬ್ಬಳ್ಳಿಯಿಂದ ದೊಡ್ಡ ಛಾಯಾಗ್ರಾಹಕರನ್ನು ಕರೆಸಬೇಕೆಂದು ಮ್ಯಾನೇಜರರು ಸಭೆಯಲ್ಲಿ ಹೇಳಿದರು. ಯಾರ ಚಿತ್ರ ಆಯ್ಕೆಯಾಗುತ್ತದೆಯೋ ಅವರಿಗೇ ಮುಂದಿನ ಎಲ್ಲ ವರ್ಷಗಳ ಹೊಲದ ಚಿತ್ರಗಳ ಕೆಲಸವೂ ಹೋಗುತ್ತಿತ್ತು. ನಾನು ಎದ್ದು ನಿಂತು, ನಮ್ಮ ಊರಿನಲ್ಲೇ ಆಪಾ ಇದ್ದಾರೆ, ಅವರಿಗೂ ಒಂದು ಅವಕಾಶ ಕೊಡಬೇಕು ಎಂದೆ.

"ಏನ್ರೀ, ಪಾಸ್‌ಪೋರ್ಟ್ ಫೋಟೊ ತಗಿಯೋರ ಕಡೆ ಕ್ಯಾಲೆಂಡರ್ ಮಾಡಿಸಿದ್ರ, ಹತ್ತಿ ಗಿಡಾನೂ ಎರಡೂ ಕಿವಿ ಕಾಣೂ ಹಂಗ ಕುಂದರತಾವ!" ಎಂದರು ಮ್ಯಾನೇಜರರು.

ಹನ್ನೊಂದು ಜನ ನಕ್ಕರು. ಅವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ನನಗೆ ಗೊತ್ತಿದೆ, ಅಷ್ಟು ಸಾಕು.

ಹುಬ್ಬಳ್ಳಿಯವರು ಕಾರಿನಲ್ಲಿ ಬಂದರು. ಮೇಡ್ಲೇರಿಯಲ್ಲಿ, ತುಂಗಭದ್ರೆಯ ದಂಡೆಗೆ ಹತ್ತಿದ ನಮ್ಮ ಕಂಪನಿಯ ಪ್ಲಾಟಿನಲ್ಲಿ, ಬೆಳ್ಳಿಯ ಬಣ್ಣದ ಛತ್ರಿಗಳನ್ನು ನಿಲ್ಲಿಸಿ, ಹೆಣ್ಣುಮಕ್ಕಳಿಗೆ ಹೊಸ ಸೀರೆ ಉಡಿಸಿ, ಹೂವು ಹಿಡಿಸಿ, "ನಗ್ರಿ, ನಗ್ರಿ" ಎಂದು ಎರಡು ರೋಲು ಮುಗಿಸಿದರು. ಹೆಣ್ಣುಮಕ್ಕಳು ಪರೇಡಿಗೆ ನಿಂತವರಂತೆ ನಿಂತಿದ್ದರು. ಮೂರನೆಯ ದಿನ ಆಪಾ, ನನ್ನ ಮಾತಿನ ಮೇಲೆ, ಯಾರ ಅಪ್ಪಣೆಯೂ ಇಲ್ಲದೆ ಅದೇ ಪ್ಲಾಟಿಗೆ ಬಂದರು. ನಾನು ಬಸ್ಸಿನಲ್ಲಿ ಮುಂಚೆಯೇ ಹೋಗಿ ಕಾಯುತ್ತಿದ್ದೆ. ದಾರಿಯಲ್ಲಿ ಮೊಪೆಡ್ ಒಂದು ತಗ್ಗಿಗೆ ಇಳಿದು ಚೀಲ ಹ್ಯಾಂಡಲಿಗೆ ಬಡಿದಿತ್ತು. ತೆಗೆದು ನೋಡಿದರೆ ಲೆನ್ಸಿನ ಮುಂದಿನ ಗಾಜಿನ ಅಂಚಿನಲ್ಲಿ ಜೋಳದ ಕಾಳಿನಷ್ಟು ಚೂರು ಎದ್ದುಹೋಗಿತ್ತು. ಆಪಾ ಗಾಜನ್ನು ಬಿಸಿಲಿಗೆ ಹಿಡಿದು ಒಂದು ಗಳಿಗೆ ನೋಡಿದರು. ಆಮೇಲೆ ನೆಗೆಟಿವ್ ತಿದ್ದುವ ಕಪ್ಪು ಶಾಯಿಯ ಸೀಸೆಯನ್ನೂ ಎರಡು ಕೂದಲಿನ ಕುಂಚವನ್ನೂ ಚೀಲದಿಂದ ತೆಗೆದು, ಚೂರೆದ್ದ ಜಾಗಕ್ಕೆ ಶಾಯಿ ತುಂಬಿದರು.

"ಹಿಂಗ ಬಿಟ್ರ ಬೆಳಕು ಅಲ್ಲಿ ಒಡದು ಚಿತ್ರದ ತುಂಬ ಹರಡ್ತೈತಿ ಭಾಯಿ. ಕಪ್ಪ ಹಚ್ಚಿದ್ರ ತೆಪ್ಪಗ ಕುಂದರತೈತಿ" ಎಂದರು.

ಶಾಯಿ ಒಣಗುವವರೆಗೆ ಬೇವಿನ ನೆರಳಲ್ಲಿ ಕೂತರು. ನಂತರ ನನಗೆ ಅಲ್ಲೇ ಇರಲು ಹೇಳಿ ಸಾಲುಗಳೊಳಗೆ ಹೋಗಿ ಹೆಣ್ಣುಮಕ್ಕಳ ಜೊತೆ ಏನೋ ಮಾತಾಡಿದರು, ನಕ್ಕರು, ತಿರುಗಿ ಬಂದರು. ಆಮೇಲೆ ಒಂದು ಗಂಟೆ ಏನೂ ಮಾಡಲಿಲ್ಲ. ದೂರದಲ್ಲಿ ಸುಮ್ಮನೆ ನಿಂತಿದ್ದರು, ಕ್ಯಾಮೆರಾವನ್ನು ಮಗುವಿನಂತೆ ತೋಳಿನ ಮೇಲಿಟ್ಟುಕೊಂಡು. ನನಗೆ ಸಿಟ್ಟೇ ಬಂತು. ಹೊತ್ತು ಇಳಿಯುತ್ತಿದೆ, ಇವರು ನಿಂತೇ ಇದ್ದಾರೆ! ಹೋಗಿ ಕೇಳಿದೆ.

"ಹತ್ತರ ಹೋದ್ರ ಮಂದಿ ಫೋಟೊ ಆಗ್ತಾರ್ರಿ. ತಡೀರಿ, ಇನ್ನ ಸ್ವಲ್ಪ ಹೊತ್ತಿಗೆ ತಿರುಗಿ ಮಂದಿ ಆಗ್ತಾರ" ಎಂದರು.

ಸೂರ್ಯ ಹೊಳೆಯ ಮೇಲೆ ಓರೆಯಾದಾಗ ಅವರ ಎಡಗೈ ಆ ಬಳೆಯನ್ನು ಹಿಂದಕ್ಕೆಳೆದದ್ದು ಕಂಡೆ. ಮುಂದಿನ ಕಾಲು ಗಂಟೆಯಲ್ಲಿ ಒಂದು ರೋಲು ಮುಗಿಯಿತು.

ಬಣ್ಣದ ಸ್ಲೈಡ್ ರೋಲುಗಳನ್ನು ತೊಳೆಯಲು ಆಗ ಮುಂಬೈಗೆ ಕಳಿಸಬೇಕಿತ್ತು. ಕಳಿಸುವ ಕೆಲಸ ಕಂಪನಿಯಲ್ಲಿ ನನ್ನದೇ. ಹುಬ್ಬಳ್ಳಿಯವರ ಎರಡು, ಆಪಾ ಅವರ ಒಂದು, ಮೂರನ್ನೂ ಬೀಜದ ಮಾದರಿ ಕಳಿಸುವ ಒಂದೇ ಬಟ್ಟೆಚೀಲಕ್ಕೆ ಹಾಕಿ ಬಾಯಿ ಹೊಲಿದು, ಕೈಗೆ ರೂಢಿಯಾದ ಹಾಗೆ ಚೀಟಿ ಬರೆದೆ: ಊರು ಮೇಡ್ಲೇರಿ, ಪ್ಲಾಟಿನ ಸಂಖ್ಯೆ ಇಷ್ಟು, ತಳಿ ಇಂಥದು, ತಾರೀಖು ಇಂಥದು. ಬೀಜದ ಚೀಟಿಯಲ್ಲಿ ಇಷ್ಟೇ ಕಲಮುಗಳು. ಅದನ್ನು ಮಾಡಿದವರು ಯಾರು ಎಂದು ಬೀಜದ ಚೀಟಿ ಎಂದೂ ಕೇಳುವುದಿಲ್ಲ. ಒಂದೇ ಪ್ಲಾಟು, ಒಂದೇ ತಳಿ, ಆದ್ದರಿಂದ ಒಂದೇ ಚೀಲ, ಒಂದೇ ಚೀಟಿ. ನಮ್ಮ ವೃತ್ತಿಯ ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು. ಮುಂಬೈಯಿಂದ ನೂರೆಂಟು ಸ್ಲೈಡುಗಳು ಒಂದೇ ಪೆಟ್ಟಿಗೆಯಲ್ಲಿ, ಯಾವುದು ಯಾರದು ಎಂಬ ಗುರುತಿಲ್ಲದೆ, ತಿರುಗಿ ಬಂದವು.

ಹೀಗೆ, ಬೇರೆಯವರ ಬೆರಕೆ ಹಿಡಿಯಲು ಸಂಬಳ ಪಡೆಯುತ್ತಿದ್ದ ನಾನು, ನನ್ನ ಕೈಯಾರೆ ಬೆರಕೆ ಮಾಡಿದೆ. ಎಲ್ಲರ ತಪ್ಪನ್ನೂ ನೆನಪಿಟ್ಟವನು ಇದನ್ನು ಮರೆಮಾಚಿದರೆ ನ್ಯಾಯವಲ್ಲ.

ಪೆಟ್ಟಿಗೆ ನನ್ನ ಮೇಜಿಗೆ ಬರಲೇ ಇಲ್ಲ. ಮ್ಯಾನೇಜರರು ಹುಬ್ಬಳ್ಳಿಯವರನ್ನು ಕೂರಿಸಿಕೊಂಡು ಒಂದನ್ನು ಆರಿಸಿದರು. ಕ್ಯಾಲೆಂಡರ್ ಬಂದಾಗಲೇ ನಾನು ನೋಡಿದ್ದು. ಮಾಸಿದ ಹಸಿರು ಸೀರೆಯ ಒಬ್ಬ ಹುಡುಗಿ, ಇಪ್ಪತ್ತು ದಾಟಿರಲಿಕ್ಕಿಲ್ಲ, ಮೊಗ್ಗನ್ನು ಬೆರಳುಗಳ ನಡುವೆ ಹಿಡಿದು, ಬಾಯಿ ತುಸು ತೆರೆದು, ಲೋಕವನ್ನೇ ಮರೆತು ಎಸಳು ಸುಲಿಯುತ್ತಿದ್ದಾಳೆ. ಹಿಂದೆ ಹೊಳೆಯ ಮೇಲಿನ ಬಿಸಿಲು ಮಸುಕಾಗಿ ನೂರಾರು ದುಂಡನೆಯ ಬೆಳಕಿನ ಬಿಲ್ಲೆಗಳಾಗಿದೆ. ಯಾರೂ ಅವಳಿಗೆ ನಗು ಎಂದಿಲ್ಲ. ನನಗೆ ಕ್ಷಣಮಾತ್ರದಲ್ಲಿ ತಿಳಿಯಿತು. ಆದರೆ ಕೆಳಗೆ, ಸಣ್ಣ ಅಕ್ಷರದಲ್ಲಿ, ಅಚ್ಚಾಗಿದ್ದದ್ದು ಹುಬ್ಬಳ್ಳಿಯವರ ಹೆಸರು.

ಮ್ಯಾನೇಜರರ ಕೋಣೆಗೆ ಹೋದೆ. ಇದು ಆಪಾ ತೆಗೆದ ಚಿತ್ರ ಎಂದೆ.

"ಪುರಾವೆ ಏನೈತ್ರಿ? ಚೀಲ ಹೊಲದವ್ರು ನೀವು, ಚೀಟಿ ಬರದವ್ರು ನೀವು. ಬೆರಕಿ ಹಿಡಿಯೋ ಸಾಹೇಬ್ರ, ನಿಮ್ಮ ಚೀಲದಾಗನ ಬೆರಕಿ ಆತಲ್ಲ!" ಎಂದು ಅವರು ಕ್ಯಾಲೆಂಡರನ್ನು ಸುರುಳಿ ಸುತ್ತಿ ನನ್ನ ಕೈಗೇ ಕೊಟ್ಟರು. "ಮನಿಗೆ ಒಯ್ರಿ. ಚಂದ ಐತಿ."

ಅದನ್ನು ಹಿಡಿದುಕೊಂಡೇ ಸ್ಟುಡಿಯೋಕ್ಕೆ ಹೋದೆ. ಆಪಾ ಅದನ್ನು ದುಡ್ಡು ಎಣಿಸುವ ಗಲ್ಲೆಯ ಮೇಲೆ ಹರವಿ, ನಾಲ್ಕು ಮೂಲೆಗೆ ನಾಲ್ಕು ಫಿಲ್ಮ್ ಡಬ್ಬಿ ಇಟ್ಟು, ಬಹಳ ಹೊತ್ತು ನೋಡಿದರು. ಕೆಳಗಿನ ಹೆಸರನ್ನೂ ಓದಿದರು. ಚೀಟಿಯ ವಿಷಯವನ್ನು ನಾನು ಮುಚ್ಚಿಡದೆ ಹೇಳಿದೆ.

"ಭಾಯಿ, ನೀವು ಬೀಜದ ಚೀಟಿ ಬರದ್ರಿ. ಫೋಟೊದ ಚೀಟಿ ನಾ ಬರೀಬೇಕಿತ್ತು" ಎಂದರು. "ಖರೇ ಹೇಳ್ರಿ, ಬೆರಳು ಎಷ್ಟ ಚಂದ ಬಂದಾವಲ್ಲ?"

ಅವರು ಅದನ್ನು ಸ್ಟುಡಿಯೋದ ಗೋಡೆಗೆ ಹಾಕಿದರು. ಒಂದು ವಾರದ ಮೇಲೆ ನಾನಿದ್ದಾಗಲೇ ಒಬ್ಬ ಗಿರಾಕಿ ಬಂದು, ಮಗಳ ಚಿತ್ರಕ್ಕೆ ಕೂರಿಸುತ್ತ, ಗೋಡೆಯ ಕಡೆ ಕೈ ಮಾಡಿ, "ಆಪಾ, ಹುಬ್ಬಳ್ಳಿಯೋರು ನೋಡ್ರಿ ಹೆಂಗ ತಗದಾರ. ಹಂಗ ತಗೀರಿ ನೋಡೂಣು" ಎಂದ. ಆಪಾ ಕ್ಯಾಮೆರಾದ ಹಿಂದೆ ಬಗ್ಗಿದ್ದರು, ಮುಖ ಕಾಣಲಿಲ್ಲ. "ಆತ್ರಿ, ಪ್ರಯತ್ನ ಮಾಡ್ತೇನಿ" ಎಂಬ ದನಿ ಮಾತ್ರ ಕೇಳಿತು. ಮರುದಿನ ಗೋಡೆಯ ಮೇಲೆ ಮೊಳೆಯೊಂದೇ ಇತ್ತು. ಹೊಲದ ಚಿತ್ರಗಳ ಕೆಲಸ ಹುಬ್ಬಳ್ಳಿಗೆ ಹೋಯಿತು. ಆಪಾ ಮುಂದೆಯೂ ರವಿವಾರ ಹೊಲಗಳಿಗೆ ಹೋದರು, ಆದರೆ ಬಣ್ಣದ ರೋಲು ಹಾಕಿದ್ದನ್ನು ನಾನು ಮತ್ತೆ ನೋಡಲಿಲ್ಲ... ಲೆನ್ಸನ್ನು ಮಾತ್ರ ಪ್ರತಿ ಜೂನಿನಲ್ಲಿ ತಂದಿಟ್ಟರು, ದಸರೆಯ ನಂತರ ಒಯ್ದರು.

ಒಂದು ವರ್ಷ ದಸರೆ ಕಳೆಯಿತು, ದೀಪಾವಳಿ ಕಳೆಯಿತು, ಅವರು ಬರಲಿಲ್ಲ. ಬ್ಯಾಡಗಿಯಲ್ಲಿ ಮಗಳ ಮನೆಯಲ್ಲಿ ಕಾಯಿಲೆಯಲ್ಲಿದ್ದಾರೆ ಎಂದು ತಿಳಿದು ಹೊರಡುವಷ್ಟರಲ್ಲಿ ಸುದ್ದಿಯೇ ಬಂತು. ನಲವತ್ತು ದಿನ ಕಳೆದ ಮೇಲೆ ಲೆನ್ಸನ್ನು ಹಿಂದಿರುಗಿಸಲು ಬ್ಯಾಡಗಿಗೆ ಹೋದೆ. ಮಾರುಕಟ್ಟೆಯ ಸುಗ್ಗಿ, ರಸ್ತೆಯ ಎರಡೂ ಬದಿಗೆ ಕೆಂಪು ರಾಶಿ, ಕಣ್ಣಲ್ಲಿ ನೀರು ಬಂದರೆ ಯಾರೂ ಕಾರಣ ಕೇಳದ ಊರು ಅದು. ಮಗಳು ಲೆನ್ಸನ್ನು ಕೈಯಲ್ಲಿ ಹಿಡಿದು ನೋಡಿ ತಿರುಗಿ ಕೊಟ್ಟಳು. "ಈ ಮೆಣಸಿನಕಾಯಿ ಧೂಳಿನ್ಯಾಗ ಇದು ಉಳಿಯಂಗಿಲ್ಲ ಕಾಕಾ. ಅಮ್ಮೀನೂ ಹಂಗ ಹೇಳಿದ್ಲು, ಲ್ಯಾಬಿನ ಭಾಯಿ ಕಡೆನ ಇರ್ಲಿ ಅಂತ."

ಮತ್ತೆ ಮಾಳಿಗೆಗೆ ಬರೋಣ. ಪಾರಿವಾಳದ ನಂತರ ಅಣ್ಣನ ಮಗಳು ಪಕ್ಕದ ಮನೆಯವರು ಒಣಹಾಕಿದ ಹಪ್ಪಳವನ್ನು ಗುರಿಯಿಟ್ಟು ಒಂದು ಚಿತ್ರ ತೆಗೆದಳು. ಹಿಂದೆ ದೂರದಲ್ಲಿ ಯಾರದೋ ಮಾಳಿಗೆಯ ಸೋಲಾರ್ ಕೊಳವೆಗಳ ಮೇಲೆ ಬಿಸಿಲು ಬಿದ್ದಿತ್ತು. ಚಿತ್ರದಲ್ಲಿ ಆ ಹೊಳಪು ಮಸುಕಾದ ಬೆಳಕಿನ ಬಿಲ್ಲೆಗಳಾಗಿ ಬಂದಿತ್ತು.

"ಅಯ್ಯ ಕಾಕಾ, ಇಲ್ನೋಡ್ರಿ. ಎಲ್ಲಾ ಬಿಲ್ಲಿಗೂ ಒಂದ ಕಡೆ ಯಾರೋ ಕಡದಂಗ ಐತಿ!"

ನೋಡಿದೆ. ಪ್ರತಿಯೊಂದು ಬಿಲ್ಲೆಯ ಅಂಚಿನಲ್ಲೂ ಒಂದೇ ಕಡೆ, ರೊಟ್ಟಿಯನ್ನು ಮೊದಲ ಬಾರಿಗೆ ಕಚ್ಚಿ ಇಟ್ಟಂತೆ, ಒಂದು ಕಪ್ಪು ಕಚ್ಚು. ಆಪಾ ಶಾಯಿ ತುಂಬಿದ ಚೂರು ಅದು. ಸ್ಪಷ್ಟವಾದ ವಸ್ತುವಿನಲ್ಲಿ ಅದು ಕಾಣುವುದಿಲ್ಲ. ಮಸುಕಾದ ಬೆಳಕಿನಲ್ಲಿ ಮಾತ್ರ ಗಾಜು ತನ್ನ ಆಕಾರವನ್ನು ತೋರಿಸಿಕೊಡುತ್ತದೆ. ನನ್ನ ಮೊಣಕಾಲುಗಳ ನೋವು ಎಲ್ಲಿ ಹೋಯಿತೋ ಕಾಣೆ. ಕೆಳಗಿಳಿದು ಕಪಾಟಿನ ಅಡಿಯ ಖಾನೆಯಿಂದ ಆ ಕ್ಯಾಲೆಂಡರಿನ ಹಾಳೆಯನ್ನು ತಂದೆ. ಭೂತಗನ್ನಡಿ ಹಿಡಿದೆ. ಹೊಳೆಯ ಮೇಲಿನ ನೂರಾರು ಬಿಲ್ಲೆಗಳು, ಪ್ರತಿಯೊಂದರಲ್ಲೂ ಕಚ್ಚು. ಇಷ್ಟು ವರ್ಷ ಅದನ್ನು ಅಚ್ಚಿನವರ ಕೊರತೆ ಎಂದು ತಿಳಿದು ಅವರನ್ನೂ ಬೈದುಕೊಂಡಿದ್ದೆ!

"ಹಳೇ ಲೆನ್ಸು ಅಂದ ಮ್ಯಾಲೆ ಎಲ್ಲಾದಕ್ಕೂ ಏನರ ಒಂದ ಐಬು ಇರತೈತಿ ಕಾಕಾ" ಎಂದಳು ಅವಳು, ಪಾಠ ಹೇಳುವವಳ ಎಚ್ಚರಿಕೆಯಿಂದ.

ಅವಳ ಮಾತು ಸರಿ. ಒಂದು ಪಾಲು ಮೊಳೆತರೆ ಫಲಿತಾಂಶ ಬರೆಯುವವನು ನಾನಲ್ಲ. ಮರುದಿನ ಮಧ್ಯಾಹ್ನ ಅವಳ ಕಾರಿನಲ್ಲಿ ಮೇಡ್ಲೇರಿಗೆ ಹೋದೆವು. ಆ ಪ್ಲಾಟಿನಲ್ಲಿ ಈಗ ಗೋವಿನಜೋಳ. ಆದರೆ ಹೊಳೆ ಅದೇ, ಬಿಸಿಲಿನ ಓರೆ ಅದೇ. ಹೊಲದ ಬದುವಿನ ಗಿಡವೊಂದಕ್ಕೆ, ಆಪಾ ಅಂದು ನಿಂತಿದ್ದಷ್ಟೇ, ಮೂವತ್ತು ಹೆಜ್ಜೆ ದೂರ ನಿಂತು, ನೂರು ಚಿತ್ರದಂತೆ ನಾಲ್ಕು ಪಾಲು ತೆಗೆದೆ. ಅಣ್ಣನ ಮಗಳು ಮೊದಲ ಪಾಲಿಗೇ ಬೇಸತ್ತು ಕಾರಿನಲ್ಲಿ ಕೂತಳು. ಬಳೆ ತಿರುಗಿಸಿದಂತೆ ಮುಂದಿನ ಗಾಜೂ ತಿರುಗಿ ಕಚ್ಚು ಜಾಗ ಬದಲಿಸುತ್ತಿತ್ತು. ಮೂವತ್ತು ಹೆಜ್ಜೆಯ ದೂರಕ್ಕೆ ಸರಿಯಾಗಿ ಬಂದಾಗ, ಕ್ಯಾಲೆಂಡರಿನ ಕಚ್ಚು ಎಲ್ಲಿತ್ತೋ ಅಲ್ಲಿಗೇ ಬಂದು ನಿಂತಿತು. ನಾಲ್ಕು ನೂರಕ್ಕೆ ನಾಲ್ಕು ನೂರು. ಅವಳ ಹೊಸ ಲೆನ್ಸು ಹಾಕಿ ತೆಗೆದ ಚಿತ್ರಗಳಲ್ಲಿ ಬಿಲ್ಲೆಗಳು ಇಡಿಯಾಗಿದ್ದವು. ಪುರಾವೆ ಏನೈತ್ರಿ, ಎಂದಿದ್ದರಲ್ಲ. ಹೊಳೆಯ ದಂಡೆಯಲ್ಲಿ ನಿಂತು ನಾನು ಗಟ್ಟಿಯಾಗಿಯೇ ಹೇಳಿದೆ, ಇದು.

ಅಲ್ಲೇ ಬದುವಿನ ಮೇಲೆ ಹುಲ್ಲಿನ ಹೊರೆ ಇಳಿಸಿ, ಸೊಂಟಕ್ಕೆ ಕೈಯಿಟ್ಟುಕೊಂಡು ಒಬ್ಬ ಹೆಣ್ಣುಮಗಳು ನನ್ನನ್ನೇ ನೋಡುತ್ತಿದ್ದಳು. ಐವತ್ತೈದರ ಆಚೀಚೆ. "ಏನ್ ಹುಡುಕಾಕತ್ತೀರ್ರಿ ಯಜ್ಜಾರ? ಆಗಳಿಂದ ಆ ಬೋಳ ಗಿಡದ ಫೋಟೊನ ತಗ್ಯಾಕತ್ತೀರಿ. ಅದೇನ ವರಾ ನೋಡಾಕ ಬಂದೈತೇನು?"

ನಾನು ಕ್ಯಾಲೆಂಡರಿನ ಹಾಳೆಯನ್ನು ಬಿಡಿಸಿ ತೋರಿಸಿದೆ. ಅವಳು ಬಗ್ಗಿ ನೋಡಿದಳು. ಸೆರಗಿನಿಂದ ಕೈ ಒರೆಸಿಕೊಂಡು ಹಾಳೆಯನ್ನು ಮುಟ್ಟಿದಳು.

"ನನ್ನ ಫೋಟೊ ನಿಮಗೆಲ್ಲಿ ಸಿಕ್ತ್ರಿ?"

ಇದನ್ನು ತೆಗೆದವರು ಯಾರು, ನೆನಪಿದೆಯೇ ಎಂದು ಕೇಳಿದೆ.

"ಅದೇನ ಕೇಳ್ತೀರಿ? ಫೋಟೊದ ಅಕ್ಕಾರು, ಸೈಕಲ್ ಮೋಟಾರಿನ ಮ್ಯಾಲೆ ಬಂದಿದ್ರಲ್ಲ. ಮೊದಲ ಸಾಲಿನೊಳಗ ಬಂದು, ನಿನ್ನ ಫೋಟೊ ತಗೀಲೇನವ್ವಾ ಅಂತ ಕೇಳಿದ್ರು. ಹೊಸಾ ಸೀರಿ ಉಟ್ಟ ಬರ್ಲೇನ್ರಿ ಅಂದ್ನಿ. ಬ್ಯಾಡ, ಇದನ್ನ ಉಟಗೊಂಡಿರು, ನನ್ನ ಮರತ ಬಿಡು ಅಂದ್ರು. ಖರೇನ ಮರತ ಬಿಟ್ಟಿದ್ನಿ ನೋಡ್ರಿ. ಛತ್ರಿಯಾಂವ ಬಂದಿದ್ದು ಅದಕ್ಕಿಂತ ಮೊದಲ. ಅಂವಾ ನನ್ನ ಹಿಂದಿನ ಸಾಲಿಗೆ ನಿಲ್ಲಿಸಿದ್ದ."

ಇದನ್ನು ಯಾರಿಗೂ ಏಕೆ ಹೇಳಲಿಲ್ಲ ಎಂದು ಕೇಳಿದೆ. ದನಿ ಗಡುಸಾಗಿತ್ತೆಂದು ತೋರುತ್ತದೆ.

"ಯಾರ ಕೇಳಿದ್ರು?" ಎಂದಳು ಅವಳು, ಸರಳವಾಗಿ.

ಕಂಪನಿ ಮುಚ್ಚುವವರೆಗೆ ಆ ಪ್ಲಾಟಿಗೆ ನಾನು ವರ್ಷಕ್ಕೆ ಆರು ಬಾರಿ ಬಂದಿದ್ದೇನೆ. ಈಕೆಯ ಕೈ ಸುಲಿದ ಮೊಗ್ಗಿನ ಬೀಜವನ್ನು ಎಣಿಸಿದ್ದೇನೆ. ಮ್ಯಾನೇಜರರು ಪುರಾವೆ ಕೇಳಿದ ದಿನವೂ ಈಕೆ ಇಲ್ಲೇ, ಇದೇ ಊರಲ್ಲೇ ಇದ್ದಳು. ಬಸ್ಸಿನಲ್ಲಿ ಬಂದು ಒಂದು ಮಾತು ಕೇಳಿದ್ದರೆ... ಚಿತ್ರದಲ್ಲಿ ಎಲ್ಲವನ್ನೂ ನೋಡಿದ್ದೆ, ಬೆರಳು, ಬೆಳಕು, ಅಚ್ಚಿನ ಕೊರತೆ. ಚಿತ್ರದಲ್ಲಿದ್ದವಳಿಗೆ ಬಾಯಿ ಇದೆ ಎಂಬುದು ಹೊಳೆದಿರಲಿಲ್ಲ. ಆಪಾ ಅವರಿಗೆ ಹೊಳೆದಿತ್ತು. ಮೊದಲು ಕೇಳಿದ್ದರು, ಆಮೇಲೆ ತೆಗೆದಿದ್ದರು. ಅವರ ಮತ್ತು ನಮ್ಮೆಲ್ಲರ ನಡುವೆ ಇದ್ದ ಅಂತರ ಇಷ್ಟೇ, ಆದರೂ ಇಷ್ಟೊಂದು.

"ಅಕ್ಕಾರು ಈಗ ರಾಣೆಬೆನ್ನೂರಾಗನ ಇರ್ತಾರೇನ್ರಿ?" ಎಂದು ಅವಳು ಕೇಳಿದಳು.

ಹೇಳಿದೆ. ಅವಳು ಸೆರಗನ್ನು ಬಾಯಿಗಿಟ್ಟುಕೊಂಡು ಹೊಳೆಯ ಕಡೆ ತಿರುಗಿ ನಿಂತಳು. ಹತ್ತೊಂಬತ್ತು ವರ್ಷ ಹಳೆಯ ಸಾವು ಅವಳಿಗೆ ಆ ಗಳಿಗೆಯದಾಗಿತ್ತು. ಮುಖ ಒರೆಸಿಕೊಂಡು ಹೇಳಿದಳು: "ಎಲ್ಲಿ ಹೇಳಬೇಕ ಹೇಳ್ರಿ. ನಾ ಬಂದ ಹೇಳ್ತೇನಿ. ಯಾವ ಕಚೇರಿಗಾದ್ರೂ ಬರ್ತೇನಿ."

ಅವಳನ್ನು ಕರೆದೊಯ್ಯಲು ಕಚೇರಿ ಇಲ್ಲ. ಕಂಪನಿ ಮುಚ್ಚಿದೆ, ಮ್ಯಾನೇಜರರು ತೀರಿಕೊಂಡರು, ನಕ್ಕ ಹನ್ನೊಂದು ಜನರಲ್ಲಿ ಇಬ್ಬರು ಉಳಿದಿದ್ದಾರೆ, ಅವರಿಗೆ ಕಿವಿ ಕೇಳಿಸದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಆಪಾ ಅವರ ನಿಜವಾದ ಹೆಸರು ಹಾಕಲೇ ಎಂದು ಬ್ಯಾಡಗಿಗೆ ಫೋನು ಮಾಡಿ ಕೇಳಿದೆ. ಈ ಸಲ ಮೊದಲು ಕೇಳಿದೆ. "ಹೆಸರ್ಯಾಕ ಕಾಕಾ, ಆಪಾ ಅಂದ್ರ ಊರಿಗೆಲ್ಲಾ ಗೊತ್ತಾಕ್ಕೈತಿ" ಎಂದಳು ಮಗಳು. ಹಾಗಾದರೆ ಹಾಗೆಯೇ ಇರಲಿ. ಹಸಿರು ಸೀರೆಯ ಹುಡುಗಿ ಹತ್ತಿಯ ಮೊಗ್ಗು ಸುಲಿಯುವ ಆ ಚಿತ್ರವನ್ನು ಹಾವೇರಿಯ ಕಡೆಯ ಎಷ್ಟೋ ಪಡಸಾಲೆಗಳಲ್ಲಿ ಜನ ಒಂದು ವರ್ಷ ಪೂರ್ತಿ ನೋಡಿದ್ದಾರೆ. ಕೆಲವರು ತಾರೀಖು ಮುಗಿದ ಮೇಲೂ ಕಟ್ಟು ಹಾಕಿಸಿ ಇಟ್ಟುಕೊಂಡಿದ್ದಾರೆಂದು ಬಲ್ಲೆ. ಅವರೆಲ್ಲರೂ ತಿಳಿಯಬೇಕು. ಕೆಳಗೆ ಅಚ್ಚಾದ ಹೆಸರು ತಪ್ಪು. ಅದನ್ನು ತೆಗೆದವರು ನಮ್ಮ ರಾಣೆಬೆನ್ನೂರಿನ ಆಪಾ. ಇದನ್ನು ಅವರ ಗಲ್ಲೆಯ ಮುಂದೆ ನಿಂತು ಓದಿ ಹೇಳಬೇಕಿತ್ತು... ತಡವಾಯಿತು.